ಎಳೆಯದೆ ಬಿಟ್ಟ ಬಿಳಿ ತಂತಿ

ಮಾನ್ಯ ಶೆರಿಫ್ ಹಾಲ್ವರ್ಸನ್ ಅವರಿಗೆ,

ಕಾಲೇಜಿನಲ್ಲಿ ಕಲಿತ ಬರವಣಿಗೆ ಅರ್ಧ ಮರೆತಿದೆ, ತಪ್ಪಿದ್ದರೆ ಸಹಿಸಿಕೊಳ್ಳಿ. ನನ್ನ ಹೆಂಡತಿ ವರ್ನಾ ಸತ್ತ ಅಪಘಾತದ ವರದಿಯಲ್ಲಿ ‘ಅತಿವೇಗ’ ಎಂದಿದೆ. ಹಾಗೆ ಹೇಳಿದವನು ನಾನೇ. ದಯವಿಟ್ಟು ಅದನ್ನು ತೆಗೆಯಿರಿ.

ಅವಳು ಅಂದು ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಿದ್ದ ಕುದುರೆ ಟ್ರೇಲರಿನ ವಿದ್ಯುತ್ ಬ್ರೇಕಿಗೆ ತಂತಿ ಜೋಡಿಸಿದವನು ನಾನು. ಅದು ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಇಲ್ಲ. “ಇಳಿಜಾರಲ್ಲಿ ಹಿಂದಿಂದ ನೂಕ್ತದೆ ಕಣೋ ಆರ್ವಲ್,” ಎಂದಿದ್ದಳು. “ಆಕ್ಸಿಲರೇಟರ್ ಮೇಲೆ ನಿನ್ ಕಾಲೇ ಭಾರ, ಮಹಾರಾಣಿ,” ಎಂದು ನಕ್ಕಿದ್ದೆ.

ನಿನ್ನೆ ಗುಜರಿಯಲ್ಲಿ ಟ್ರೇಲರಿನಡಿ ತೂರಿ ನೋಡಿದೆ. ಬ್ರೇಕಿನಿಂದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸಬೇಕಾದ ಬಿಳಿ ತಂತಿಯನ್ನು ನಾನು ಎಳೆದೇ ಇರಲಿಲ್ಲ. ಟ್ರೇಲರ್ ಸಿಕ್ಕಿಸುವ ಕೊಂಡಿಯ ಕಬ್ಬಿಣದ ಗುಂಡಿನ ಮೂಲಕವೇ ವಿದ್ಯುತ್ ಹಾಯ್ದರೆ ಸಾಕು ಎಂದುಕೊಂಡಿದ್ದೆ. ಟ್ರೇಲರ್ ಕುಲುಕಿದಾಗಲೆಲ್ಲ ಅಲ್ಲಿ ವಿದ್ಯುತ್ ತಪ್ಪಿ, ಬ್ರೇಕೂ ತಪ್ಪುತ್ತಿತ್ತು.

ತಿದ್ದಿದ ಪ್ರತಿಯನ್ನು ಮೊದಲು ನಮ್ಮ ಮಗಳಿಗೆ ಕಳಿಸಿ. ಅವಳು ಅಮ್ಮನ ಮೇಲೆ ಸಿಟ್ಟಿಟ್ಟುಕೊಂಡು ನನಗೆ ದಿನವೂ ಊಟ ತಂದುಕೊಡುತ್ತಿದ್ದಾಳೆ.

ಇಂತು,
ಆರ್ವಲ್ ಸ್ಟೆನ್‌ರುಡ್
ಮೊಂಟಾನಾ