ನಾಲ್ಕನೆಯ ಕಾಲು

ನಂಜನಗೂಡು
೧೮ ಜೂನ್ ೨೦೨೫, ಬುಧವಾರ
ಇವರು ಫ್ಯಾಕ್ಟರಿಗೆ ಹೋಗಿದ್ದಾರೆ. ಕರೆಂಟಿಲ್ಲ.

ಪ್ರೀತಿಯ ಅತ್ತೆಯವರಿಗೆ ನಯನಳ ಶರಣು.

ಮಂಡಿನೋವು ಹೇಗಿದೆ? ಶಿವರಂಜನಿಯ ಮನೆಯಲ್ಲಿ ಮಹಡಿ ಹತ್ತಿ ಇಳಿಯುವುದು ಕಷ್ಟವಾಗುತ್ತಿರಬೇಕು. ಎಣ್ಣೆ ಹಚ್ಚಿಸಿಕೊಳ್ಳಲು ಸಂಕೋಚಪಡಬೇಡಿ, ಅವಳು ನಿಮ್ಮ ಮಗಳೇ ತಾನೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅವಳು ನಡುವೆ ನಿಂತು ಕೂಗಿ ಹೇಳಬೇಕಾಗುತ್ತದೆ. ಇದು ಕೂಗಿ ಹೇಳುವ ವಿಷಯವಲ್ಲ. ನಮ್ಮ ಇಂಜಿನಿಯರ್ ಆಫೀಸಿನ ಬಸವೇಶ್ ಇವತ್ತು ನರಸೀಪುರಕ್ಕೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳುಹಿಸುತ್ತಿದ್ದೇನೆ. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ಓದಿ.

ಇಲ್ಲಿ ನಾವು ಕ್ಷೇಮ ಎಂದು ಬರೆಯಬೇಕು. ನನಗೆ ಸಾಕಾಗಿದೆ ಅತ್ತೆ. ಯುಗಾದಿಯಿಂದ ಈಚೆಗೆ ಆ ಕಂಪ್ಯೂಟರಿನ ಮುಂದೆ ಕೂತು ಎಷ್ಟು ಕೆಲಸ ಎರಡೆರಡು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಕಟ್ಟಬೇಕಾದ ಮನೆಯ ಮುಂಭಾಗಕ್ಕೆ ಗೋಡೆ, ಕಂಬ, ಬಣ್ಣ ಎಲ್ಲ ಕೂರಿಸಿ ಕೊಟ್ಟ ಮೇಲೆ ಕಂಪ್ಯೂಟರು ಅದರ ಚಿತ್ರ ತೆಗೆಯುತ್ತದೆ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧ ಆಗಿರುತ್ತದೆ, ಅಷ್ಟರಲ್ಲಿ ಕಾವು ಏರಿ ಪಟ್ಟನೆ ಆರಿಹೋಗುತ್ತದೆ. ತಗಡೂರಿನ ಶಿವಮಲ್ಲಪ್ಪನವರು ಮೂರನೆಯ ಸಲ ಬಂದಾಗ, "ಏನವ್ವಾ, ನಮ್ ಗಾರೆಯವ್ರು ಮನೇನೇ ಎಬ್ಬಿಸ್ಬುಟ್ರು, ನಿನ್ ಚಿತ್ರ ಇನ್ನೂ ಪಾಯದಲ್ಲೇ ಅದಲ್ಲ" ಎಂದರು. ನಗುತ್ತಲೇ ಹೇಳಿದರು. ಬೇರೆ ಕಡೆ ಮಾಡಿಸಿಕೊಂಡರು.

ಆ ದಿನದ ಮಾತನ್ನು ಮತ್ತೆ ಬರೆಯಲು ಮನಸ್ಸಿಲ್ಲ, ಬರೆಯದೆ ವಿಷಯ ಮುಂದಕ್ಕೆ ಹೋಗುವುದೂ ಇಲ್ಲ. ನೀವು ನಡುಮನೆಯಲ್ಲಿ ಲಿಂಗಪೂಜೆ ಮುಗಿಸಿ ಧೂಪ ಹಾಕುತ್ತಿದ್ದಿರಿ. ಕಂಪ್ಯೂಟರು ಆರಿತು. ನಿಮ್ಮ ಮಗ, "ನಿನ್ ಹೊಗೇನೇ ಕಣವ್ವ ಇದ್ನ ಸುಡ್ತಿರದು! ಯಾವ ಶಿವ ಕೇಳಿದ್ದ ಇಷ್ಟೊಂದ್ ಹೊಗೆಯ?" ಎಂದರು. ನೀವು ಕೆಂಡದ ಮೇಲೆ ನೀರು ಸುರಿದು, "ಆಯ್ತು ಕಣಪ್ಪ, ನಿನ್ ಮಿಷಿನ್ ತಣ್ಗಿರ್ಲಿ" ಎಂದಿರಿ. ಮಾರನೆಯ ಬೆಳಿಗ್ಗೆ ಹೊರಟೇಬಿಟ್ಟಿರಿ. ಪಕ್ಕದ ಮನೆಯ ಚಿನ್ನಮ್ಮ ಈಗಲೂ ಕಾಂಪೌಂಡಿನ ಮೇಲಿಂದ, "ನಿಮ್ಮತ್ತೆ ಧೂಪಕ್ಕೆ ಕಂಪ್ಯೂಟ್ರು ಹೊಗೆ ಕುಡ್ದು ಕೆಮ್ತಿತ್ತಂತಲ್ಲ" ಎಂದು ಕೇಳುತ್ತಾರೆ. ಹೇಳಿದವರು ಯಾರು ಎಂದು ನಾನು ಕೇಳಲಿಲ್ಲ.

ನೀವು ಹೋದ ಮೇಲೆ ಇವರು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಬ್ರಷ್ಷಿನಿಂದ ಒರೆಸಿದರು. ಫ್ಯಾನಿನ ರೆಕ್ಕೆಗಳ ಮೇಲೆ ಕಂದು ಬಣ್ಣದ ಜಿಡ್ಡು ಇದ್ದದ್ದು ನಿಜ, ಅದು ನಿಮ್ಮ ಸಾಂಬ್ರಾಣಿಯದೇ. "ನೋಡು" ಎಂದು ಬೆರಳಿಗೆ ಹಚ್ಚಿಕೊಂಡು ತೋರಿಸಿದರು. ಜಿಡ್ಡು ಹೋಯಿತು, ಕಾವು ಹೋಗಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್ ಹಚ್ಚಿದೆವು. ಸ್ವಲ್ಪ ಹೊತ್ತು ಹೆಚ್ಚು ಓಡಿ ಆರಿತು. ಒಂದು ತಿಂಗಳಿಂದ ಮನೆಯಲ್ಲಿ ಊದುಬತ್ತಿ ಕೂಡ ಹಚ್ಚಿಲ್ಲ, ಆದರೂ ಆರುತ್ತಲೇ ಇತ್ತು. ಹಳೆಯ ಹೊಗೆ ಒಳಗೆ ಕೂತಿದೆ ಎಂದರು. ಅದಕ್ಕೂ ಮುಂಚೆ ಎರಡು ವರ್ಷ ಇದೇ ನಡುಮನೆಯಲ್ಲಿ, ಇದೇ ಧೂಪದಲ್ಲಿ ಅದು ತಣ್ಣಗೆ ಓಡಿತ್ತಲ್ಲ ಎಂದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು. ಯುಗಾದಿಯಲ್ಲಿ ಬದಲಾದದ್ದು ಒಂದೇ. ಇವರು ಹೊಸ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ತಂದು ತಾವೇ ಕೂರಿಸಿದ್ದರು.

ನಿನ್ನೆ ಒಬ್ಬಳೇ ಇದ್ದಾಗ ಪೆಟ್ಟಿಗೆ ಮಲಗಿಸಿ ಬಿಚ್ಚಿದೆ. ಪ್ರೊಸೆಸರಿನ ಕಾವು ಹೀರಲು ಅದರ ಮೇಲೆ ಅಲ್ಯೂಮಿನಿಯಂ ಬಿಲ್ಲೆಯೊಂದು ಕೂರುತ್ತದೆ, ಅದರ ಮೇಲೆ ಫ್ಯಾನು. ಅದಕ್ಕೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದೊಂದನ್ನೂ ಟಕ್ಕೆನ್ನುವ ತನಕ ಒತ್ತಬೇಕು. ಮೂರು ಗಟ್ಟಿಯಾಗಿದ್ದವು. ಕಿಟಕಿಯ ಕಡೆಯದನ್ನು ಬೆರಳಲ್ಲಿ ಮುಟ್ಟಿದೆ, ಅಲುಗಿತು. ತೆಗೆದು ನೋಡಿದರೆ ಕಾವು ದಾಟಲೆಂದು ನಡುವೆ ಹಚ್ಚಿದ ಬಿಳಿ ಪೇಸ್ಟು ಒಂದು ಮಗ್ಗುಲಲ್ಲಿ ಮಾತ್ರ ಅಂಟಿದೆ, ಇನ್ನೊಂದು ಮಗ್ಗುಲಲ್ಲಿ ಹಚ್ಚಿದ ಹಾಗೇ ಇದೆ. ಹೆಂಚು ಒಲೆಯ ಮೇಲೆ ಒಂದು ಕಡೆ ಎತ್ತಿಕೊಂಡು ಕೂತರೆ ದೋಸೆ ಅರ್ಧ ಬೇಯುತ್ತದಲ್ಲ, ಹಾಗೆ. ಅದರ ಫೋಟೋ ತೆಗೆದುಕೊಂಡೆ. ಒರೆಸಿ, ಹೊಸ ಪೇಸ್ಟು ಹಚ್ಚಿ, ನಾಲ್ಕನೆಯ ಕಾಲನ್ನೂ ಒತ್ತಿದೆ. ಮೊದಲು ತೊಂಬತ್ತೇಳು ಡಿಗ್ರಿಗೆ ಏರಿ ಆರುತ್ತಿದ್ದದ್ದು ಈಗ ಅರವತ್ತೆಂಟು ದಾಟುವುದಿಲ್ಲ.

ಸಂಜೆ ಇವರು ಬಂದರು. ಚಿತ್ರ ಪೂರ್ತಿಯಾಗಿ ಪರದೆಯ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ, "ನೋಡ್ದಾ? ಹೊಗೆ ನಿಂತ್ಮೇಲೆ ಹೆಂಗ್ ತಣ್ಗಾಯ್ತು! ಅವ್ವ ಇನ್ ಸ್ವಲ್ಪ ದಿನ ಅಲ್ಲೇ ಇರ್ಲಿ ಬಿಡು" ಎಂದರು. ಬಹಳ ಸಂತೋಷವಾಗಿದ್ದರು. ಫ್ಯಾಕ್ಟರಿಯಲ್ಲಿ ಜೊತೆಯವನಾದ ಮದನ್ ತನಗೂ ಒಂದು ಕಂಪ್ಯೂಟರ್ ಜೋಡಿಸಿಕೊಡು ಎಂದು ಕೇಳಿದ್ದಾನಂತೆ. ನಾನು ಮುದ್ದೆ ಬಡಿಸಿದೆ. ಸರಿಪಡಿಸಿದ್ದು ನಾನು, ಹಾಗಾಗಿ ನಿಮ್ಮ ಮೇಲಿನ ದೂರು ಇನ್ನಷ್ಟು ಗಟ್ಟಿಯಾಯಿತು.

ಒಂದು ಮಾತು ಮುಚ್ಚಿಡುವುದಿಲ್ಲ. ಧೂಪವಿಲ್ಲದೆ ನನ್ನ ಕೆಮ್ಮು ಕಡಿಮೆಯಾಗಿದೆ. ಅದು ಬೇರೆ ವಿಷಯ, ಕಿಟಕಿ ತೆರೆದರೆ ಮುಗಿಯುತ್ತದೆ. ಅದನ್ನು ನಾನು ನಿಮ್ಮ ಹತ್ತಿರವೇ ಹೇಳಬಹುದಿತ್ತು, ಯಾಕೋ ಹೇಳಲಿಲ್ಲ.

ನಿಮ್ಮ ಬಿಲ್ವದ ಗಿಡಕ್ಕೆ ತಪ್ಪದೆ ನೀರು ಹಾಕುತ್ತಿದ್ದೇನೆ, ಚಿಗುರಿದೆ. ಶಿವರಂಜನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಪಾದಕ್ಕೆ ಇಲ್ಲಿಂದಲೇ ನಮಸ್ಕಾರ.

ನಿಮ್ಮ ಸೊಸೆ,
ನಯನ

ತಾ.ಕ.: ಬಸವೇಶ್ ಬಾಗಿಲಲ್ಲಿ ಬೈಕ್ ಆರಿಸದೆ ನಿಂತಿದ್ದಾನೆ. ಶಿವರಂಜನಿ ಈಗ ತಾನೇ ಫೋನ್ ಮಾಡಿದ್ದಳು, "ಅವ್ವ ಶುಕ್ರವಾರ ಬತ್ತೀನಿ ಅಂತವ್ಳೆ ಕಣತ್ತಿಗೆ, ಇನ್ಮೇಲೆ ಧೂಪ ಹಾಕಲ್ಲ ಅಂತ ಅಣ್ಣಂಗೆ ಹೇಳ್ಬುಡು ಅಂದ್ಲು" ಎಂದಳು. ನಾನು ಹೇಳುವುದಿಲ್ಲ. ದಯವಿಟ್ಟು ಶುಕ್ರವಾರ ಬರಬೇಡಿ. ಭಾನುವಾರ ಇವರಿಗೆ ರಜೆ. ಕಂಪ್ಯೂಟರಿಗೆ ಕೆಲಸ ಕೊಟ್ಟು, ಇವರನ್ನು ಅದರ ಮುಂದೆ ಕೂರಿಸಿ, ನಡುಮನೆಯಲ್ಲಿ ನಾನೇ ಕೆಂಡ ಇಟ್ಟು ಸಾಂಬ್ರಾಣಿ ಹಾಕುತ್ತೇನೆ. ಕಾವಿನ ಅಂಕಿ ಏರುವುದಿಲ್ಲ ಎಂದು ಕಣ್ಣಾರೆ ನೋಡಲಿ. ಆಮೇಲೆ ಫೋಟೋ ತೋರಿಸಿ ಆ ಕಾಲಿನ ವಿಷಯ ಹೇಳುತ್ತೇನೆ. ಇನ್ನೂ ಹೇಳಿಲ್ಲ, ಆದರೆ ನಿರ್ಧಾರ ಮಾಡಿದ್ದೇನೆ. ನಿಮ್ಮನ್ನು ಕರೆಯಲು ನಾನು ಬರುವುದಿಲ್ಲ. ಇವರೇ ಬರಬೇಕು. ಅಲ್ಲಿಯವರೆಗೆ ನೀವು ಹೊರಡಬೇಡಿ.