ಸಹಿ ನಿಮ್ಮದು, ನಿಯಮ ನಿಮ್ಮದಲ್ಲ

ಮಾನ್ಯರೇ,

ನಿಮ್ಮ ಇಲಾಖೆ ಕೊಟ್ಟ ಪ್ರಮಾಣಪತ್ರವನ್ನು ನಿಮ್ಮ ಇಲಾಖೆಯೇ ಒಪ್ಪಲಿಲ್ಲ. ನನ್ನ ದೂರು ಇಷ್ಟೇ. ಕೌಶಲ್ಯ ತರಬೇತಿಯ ಹೊಣೆ ಹೊತ್ತ ಅಧಿಕಾರಿಯಾದ ನಿಮಗೆ ಇದನ್ನು ಎರಡು ಸಲ ಬರೆದು ಕೊಟ್ಟಿದ್ದೇನೆ. ಎರಡು ಸಲವೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿತ್ತು, ಉತ್ತರ ಬರಲಿಲ್ಲ. ಮೂರನೆಯ ಸಲ ಮೊಹರು ಬೇಡವೆನಿಸಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಹೊಸನಗರದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಗಣಕ ವಿಜ್ಞಾನ ಪಾಠ ಮಾಡುವವಳು. ಎರಡು ಪದವಿಗಳಿವೆ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಇಷ್ಟು ವರ್ಷ ಉಳಿದ ಅತಿಥಿಯನ್ನು ಬೇರೆ ಯಾರ ಮನೆಯಲ್ಲೂ ನೀವು ನೋಡಿರಲಾರಿರಿ. ಆದ್ದರಿಂದ ಪದವಿಯ ಪರವಾಗಿ ವಕಾಲತ್ತು ವಹಿಸಲು ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತು ಕಂಪ್ಯೂಟರುಗಳಿವೆ, ಏಳು ಚಾಲೂ ಆಗುತ್ತವೆ. ನಮ್ಮ ಮಕ್ಕಳು ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು ಪಾಸಾಗುತ್ತಾರೆ. ಅದು ಓಡುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ, ಅಂಕ ಹಾಕುವ ನನಗೂ ಗೊತ್ತಿಲ್ಲ.

ಅದಕ್ಕೇ ನಾಲ್ಕು ವರ್ಷದ ಹಿಂದೆ ಸಾಗರದ ಸಭಾಭವನದಲ್ಲಿ ನೀವು ಮಾಡಿದ ಭಾಷಣ ನನಗೆ ಅಷ್ಟು ಹಿಡಿಸಿತು. ‘ಪದವಿ ಎನ್ನುವುದು ಗೋಡೆಗೆ ಹಾಕುವ ಕಾಗದ. ಐಟಿ ಕ್ಷೇತ್ರ ಕೇಳುವುದು ಕೈಯ ಕೆಲಸವನ್ನು. ನಮ್ಮ ಎಂಟು ತಿಂಗಳ ಸರ್ಟಿಫಿಕೇಟು ಯಾವ ಡಿಗ್ರಿಗೂ ಸಮ’ ಎಂದಿರಿ. ನಾನೇ ಮೊದಲು ಚಪ್ಪಾಳೆ ತಟ್ಟಿದೆ. ನನ್ನ ಪಕ್ಕದಲ್ಲಿ ಕೂತಿದ್ದ ವಿನಯಾ, ಬಿಸಿಎ ಎರಡನೆಯ ವರ್ಷದ ನನ್ನ ವಿದ್ಯಾರ್ಥಿನಿ, ಅದೇ ಸಾಲನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು.

ಮರುದಿನ ಅವಳ ಅಪ್ಪ ಮಾಸ್ತಪ್ಪ ಕಾಲೇಜಿಗೆ ಬಂದರು. ಹೊಸನಗರ–ತೀರ್ಥಹಳ್ಳಿ ಮಾರ್ಗದ ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರು. ಊಟದ ಬಿಡುವಿನಲ್ಲಿ ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಖಾಕಿ ಅಂಗಿಯಲ್ಲೇ ಓಡಿ ಬಂದಿದ್ದರು. ಸ್ಟಾಫ್ ರೂಮಿನ ಒಳಗೆ ಬನ್ನಿ ಎಂದರೂ ಬರದೆ ಬಾಗಿಲಲ್ಲೇ ನಿಂತರು.

“ಮೇಡಂ, ಮಗಳು ಡಿಗ್ರಿ ಬಿಡ್ತೀನಿ, ಸಾಗರದಾಗೆ ಅದೆಂತದೋ ನೆಟ್‌ವರ್ಕ್ ಕೋರ್ಸಿಗೆ ಹೋಗ್ತೀನಿ ಅಂತಾಳೆ. ನಂಗೆ ಇದೆಲ್ಲ ಗೊತ್ತಾಗಲ್ಲ. ನೀವು ಹಾಕು ಅಂದ್ರೆ ಹಾಕ್ತೀನಿ, ಬ್ಯಾಡ ಅಂದ್ರೆ ಇಲ್ಲ.”

“ಹಾಕಿ” ಅಂದೆ.

ಒಂದೇ ಪದ. ಡಿಗ್ರಿ ಮುಗಿಸಿ ಆಮೇಲೆ ಕಳಿಸೋಣ ಅನ್ನಬಹುದಿತ್ತು. ಒಂದು ವಾರ ಕಾಯಿರಿ, ವಿಚಾರಿಸುತ್ತೇನೆ ಅನ್ನಬಹುದಿತ್ತು. ನಿಮ್ಮ ಮಾತಿನ ಮೇಲಿನ ಭರವಸೆಯಲ್ಲಿ ಆ ಮನುಷ್ಯನಿಗೆ ಒಂದೇ ಪದದ ಉತ್ತರ ಕೊಟ್ಟೆ. ವರ್ಗಾವಣೆ ಪತ್ರದ ಅರ್ಜಿಯನ್ನು ತುಂಬಿದ್ದೂ ನಾನೇ. ‘ಬಿಡುವ ಕಾರಣ’ ಎಂಬಲ್ಲಿ ‘ಉತ್ತಮ ಅವಕಾಶ’ ಎಂದು ಬರೆದೆ.

ಎಂಟು ತಿಂಗಳು ಆ ಹುಡುಗಿ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಟ್ಟೆಮಲ್ಲಪ್ಪದ ಮಾರ್ಗವಾಗಿ ಸಾಗರಕ್ಕೆ ಹೋಗಿ ಬಂದಳು. ತಂಡಕ್ಕೇ ಮೊದಲಿಗಳಾದಳು. ನೀವೇ ವೇದಿಕೆಯ ಮೇಲೆ ಪ್ರಮಾಣಪತ್ರ ಕೊಟ್ಟಿರಿ, ಅವಳೊಂದಿಗೆ ಫೋಟೊ ತೆಗೆಸಿಕೊಂಡಿರಿ. ಆ ಫೋಟೊ ನಿಮ್ಮ ಇಲಾಖೆಯ ಕರಪತ್ರದಲ್ಲಿ ಅಚ್ಚಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಹಂಚಿಹೋಯಿತು.

ಅವಳು ಕಲಿತದ್ದು ಸುಳ್ಳಲ್ಲ, ಮಾನ್ಯರೇ. ಅದನ್ನೂ ಹೇಳಬೇಕು. ಮರುವರ್ಷ ಪರೀಕ್ಷಾ ಅರ್ಜಿ ಸಲ್ಲಿಸುವ ಕೊನೆಯ ದಿನ ನಮ್ಮ ಕಾಲೇಜಿನ ಸರ್ವರ್ ಕೈಕೊಟ್ಟಿತು. ಎರಡು ಪದವಿಗಳ ನಾನು ಕೇಬಲ್ ಕಿತ್ತು ಮತ್ತೆ ಚುಚ್ಚಿ, ಅಷ್ಟೇ ಮಾಡಿ, ಬೆವರುತ್ತ ಕೂತಿದ್ದೆ. ಫೋನು ಮಾಡಿದ್ದಕ್ಕೆ ವಿನಯಾ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ಒಂದು ಗಂಟೆಯಲ್ಲಿ ಸರಿಮಾಡಿದಳು. ನೂರಾ ಎಂಬತ್ತು ಮಕ್ಕಳ ಅರ್ಜಿ ಹೋಯಿತು. “ಇಷ್ಟೇ ಮೇಡಂ, ಒಂದು ನಂಬರ್ ತಪ್ಪಿತ್ತು” ಅಂದಳು, ನನಗೆ ಮುಜುಗರವಾಗಬಾರದೆಂದು.

ಅಂಥವಳಿಗೆ ಎರಡು ವರ್ಷ ಯಾರೂ ಕೆಲಸ ಕೊಡಲಿಲ್ಲ. ಕಂಪನಿಗಳ ಆನ್‌ಲೈನ್ ಅರ್ಜಿಯಲ್ಲಿ ‘ಪದವಿ’ ಎಂಬ ಕಲಂ ತುಂಬದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಕೈಯ ಕೆಲಸ ನೋಡುವ ಮನುಷ್ಯರು ಎಲ್ಲೋ ಇರಬಹುದು, ಆದರೆ ಅವರು ಆ ಪುಟದ ಆಚೆ ಇದ್ದಾರೆ. ಫೋನಿನಲ್ಲಿ ಸಿಕ್ಕವರು ‘ಡಿಗ್ರಿ ಯಾವ ಇಸವಿ?’ ಎಂದು ಶುರುಮಾಡುತ್ತಿದ್ದರು, ಅಲ್ಲಿಗೇ ಮುಗಿಯುತ್ತಿತ್ತು.

ಕಳೆದ ವರ್ಷ ನಿಮ್ಮ ಇಲಾಖೆಯೇ ತೀರ್ಥಹಳ್ಳಿಯ ಹೊಸ ಸೇವಾ ಕೇಂದ್ರಕ್ಕೆ ಒಬ್ಬರು ತಾಂತ್ರಿಕ ಸಹಾಯಕರು ಬೇಕೆಂದು ಪ್ರಕಟಣೆ ಹೊರಡಿಸಿತು. ಅರ್ಹತೆ: ‘ಯಾವುದೇ ಪದವಿ ಅಥವಾ ತತ್ಸಮಾನ.’ ಆ ಕೊನೆಯ ಪದವನ್ನು ವಿನಯಾ ನನಗೆ ಫೋನಿನಲ್ಲಿ ಮೂರು ಸಲ ಓದಿ ಹೇಳಿದಳು. “ತತ್ಸಮಾನ ಅಂದ್ರೆ ನಾನೇ ಅಲ್ದಾ ಮೇಡಂ?” ಸಮ ಎಂದು ನೀವೇ ಹೇಳಿದ್ದಿರಲ್ಲ. “ನೀನೇ” ಅಂದೆ. ‘ಹಾಕಿ’ ಎಂದದ್ದು ಮೊದಲನೆಯದಾದರೆ, ಇದು ಆ ಮನೆಗೆ ನಾನು ಹೇಳಿದ ಎರಡನೆಯ ಸುಳ್ಳು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಎಂಟು ಕಂಪ್ಯೂಟರುಗಳನ್ನು ಜೋಡಿಸಿ ಜಾಲ ಕಟ್ಟಬೇಕಿತ್ತು, ಎರಡು ಗಂಟೆ ಸಮಯ. ಅವಳು ನಲವತ್ತು ನಿಮಿಷದಲ್ಲಿ ಕಟ್ಟಿದಳು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ದಾಖಲೆ ಪರಿಶೀಲನೆಗೆ ಅವಳ ಜೊತೆ ನಾನೂ ಬಂದಿದ್ದೆ. ಮೂವರು ಕೂತಿದ್ದಿರಿ, ನಡುವಿನ ಕುರ್ಚಿಯಲ್ಲಿ ನೀವು. ಬಾಗಿಲ ಬಳಿ ನಿಂತಿದ್ದ ನನ್ನ ನೆನಪು ನಿಮಗಿರಲಾರದು. ಅಲ್ಲಿ ನಡೆದ ಮಾತು ನನಗೆ ಮರೆಯದು.

“ಪದವಿ ಪ್ರಮಾಣಪತ್ರ?” ಎಂದಿರಿ.

“ಡಿಗ್ರಿ ಇಲ್ಲ ಸರ್. ತತ್ಸಮಾನ ಅಂತ ಇತ್ತು. ಇದಿದೆ ಸರ್.”

ನೀವು ನೋಡಿದಿರಿ. “ಇದು ತರಬೇತಿ ಪಡೆದದ್ದಕ್ಕೆ ಕೊಡೋದಮ್ಮ. ವಿದ್ಯಾರ್ಹತೆ ಅಲ್ಲ.”

“ಸರ್, ಡಿಗ್ರಿಗೆ ಸಮ ಅಂತ ನೀವೇ ಹೇಳಿದ್ರಿ. ಕೆಳಗಡೆ ಸಹಿನೂ ನಿಮ್ದೇ ಸರ್.”

“ಸಹಿ ನಂದೇ. ನಿಯಮ ನಂದಲ್ಲ.”

ಹಾಗಂದು ಕಾಗದವನ್ನು ಮಡಿಕೆ ಬೀಳದಂತೆ ಜೋಪಾನವಾಗಿ ಹಿಂದಿರುಗಿಸಿದಿರಿ. ಆ ಜೋಪಾನವೇ ನನ್ನನ್ನು ಹೆಚ್ಚು ಸುಡುತ್ತದೆ. ನೀವು ಗದರಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು “ಥ್ಯಾಂಕ್ಸ್ ಸರ್” ಅಂದು ಹೊರಗೆ ಬಂದಳು. ಬಸ್‌ ಸ್ಟ್ಯಾಂಡಿಗೆ ನಡೆದೆವು. ಅವಳು ಅಳಲಿಲ್ಲ. ಬಸ್ಸು ಹತ್ತುವಾಗ ಮಾತ್ರ, “ಅಪ್ಪಂಗೆ ನೀವೇ ಹೇಳ್ತೀರಾ ಮೇಡಂ? ನಂಗೆ ಆಗಲ್ಲ” ಅಂದಳು. ಹೇಳಿದೆ. ಮಾಸ್ತಪ್ಪ ಕೇಳಿಸಿಕೊಂಡು, “ಫಸ್ಟ್ ಬಂದಿದ್ಲಲ್ಲ ಮೇಡಂ?” ಎಂದಷ್ಟೇ ಕೇಳಿದರು.

ಕೆಲಸ ಸಿಕ್ಕಿದ್ದು ಪಟ್ಟಿಯಲ್ಲಿ ಎರಡನೆಯವನಾಗಿದ್ದ ಕಿರಣ್‌ಗೆ. ಇತಿಹಾಸದಲ್ಲಿ ಬಿಎ. ಅವನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವನೂ ಯಾವುದೋ ಮನೆಯ ಆಸೆ. ಆದರೆ ಒಂದು ಸಂಗತಿ ನಿಮಗೆ ತಿಳಿದಿರಲಿ. ನಿಮ್ಮ ಕೇಂದ್ರದ ಜಾಲ ಕೆಟ್ಟಾಗಲೆಲ್ಲ ಕಿರಣ್ ಫೋನು ಮಾಡುವುದು ವಿನಯಾಗೆ. ಅವಳೀಗ ಸಾಗರದ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುತ್ತಾಳೆ. ಒಮ್ಮೆ ನಾನು ಅಲ್ಲಿದ್ದಾಗಲೇ ಫೋನು ಬಂತು. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಗಿರಾಕಿ ಬಿಚ್ಚಿಹಾಕಿದ್ದ ಸೀರೆಗಳನ್ನು ಮಡಚುತ್ತ, “ಮೊದ್ಲು ಎರಡನೇ ಪೋರ್ಟ್ ನೋಡಿ ಕಿರಣ್, ಲೈಟ್ ಬರ್ತಾ ಇದ್ಯಾ? ಈಗ ಅದ್ನ ತೆಗ್ದು ಹಾಕಿ, ಗಡಿಬಿಡಿ ಬೇಡ” ಎನ್ನುತ್ತಿದ್ದಳು. ಆ ದನಿಯಲ್ಲಿ ಕಹಿಯಿರಲಿಲ್ಲ. ಆ ಹತ್ತು ನಿಮಿಷ ಅವಳ ಮುಖ ಬೇರೆಯೇ ಆಗಿತ್ತು. ಫೋನಿಟ್ಟ ಮೇಲೆ ಅದು ಮತ್ತೆ ಅಂಗಡಿಯ ಮುಖವಾಯಿತು. ಸೀರೆ ಕೊಳ್ಳಲು ಹೋಗಿದ್ದ ನಾನು ಕೊಳ್ಳದೆ ಬಂದೆ. ಯಾರಿಗೆ ಉದ್ಯೋಗ ಕೊಟ್ಟಿದ್ದೀರಿ, ಯಾರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದೀರಿ ಎಂಬುದನ್ನು ನಿಮ್ಮ ಯಾವ ಕಡತ ಹೇಳುತ್ತದೆ?

ಡಿಗ್ರಿ ಮತ್ತೆ ಸೇರಬಹುದಲ್ಲ ಎನ್ನುವಿರಿ. ನಾನೂ ಅದನ್ನೇ ಅಂದುಕೊಂಡು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದೆ. ಪಠ್ಯಕ್ರಮ ಬದಲಾಗಿದೆ, ಹಿಂದೆ ಓದಿದ್ದು ಲೆಕ್ಕಕ್ಕಿಲ್ಲ, ಮೊದಲ ಸೆಮಿಸ್ಟರಿನಿಂದ ಬರಬೇಕು ಎಂದರು. ನೆಟ್‌ವರ್ಕ್ ವಿಷಯದ ಪಾಠ ನಾನೇ ಮಾಡುವುದು. ಅಂದರೆ ನನ್ನ ಸರ್ವರ್ ಸರಿಮಾಡಿಕೊಟ್ಟವಳು ಮೂರು ವರ್ಷ ನನ್ನೆದುರು ಕೂತು, ಸರ್ವರ್ ಎಂದರೇನೆಂದು ನಾನು ಬೋರ್ಡಿನ ಮೇಲೆ ಬರೆಯುವುದನ್ನು ಕಾಪಿ ಮಾಡಿಕೊಳ್ಳಬೇಕು.

“ಓದಕ್ಕೆ ನಾಚಿಕೆ ಇಲ್ಲ ಮೇಡಂ” ಎಂದಳು ವಿನಯಾ. “ಆದ್ರೆ ಗೊತ್ತಿರೋದು ಗೊತ್ತಿಲ್ಲ ಅಂತ ಮೂರು ವರ್ಷ ಕೂತ್ಕೊಳ್ಳಕ್ಕೆ ಆಗಲ್ಲ.”

ಪದವಿ ದೊಡ್ಡದೋ ಸರ್ಟಿಫಿಕೇಟು ದೊಡ್ಡದೋ ಎಂಬ ಚರ್ಚೆಗೆ ನಿಮ್ಮನ್ನು ಕರೆಯುತ್ತಿಲ್ಲ. ಎರಡರಲ್ಲೂ ಹುರುಳಿರಬಹುದು, ಎರಡರಲ್ಲೂ ಪೊಳ್ಳಿರಬಹುದು. ನನಗೆ ಅರ್ಥವಾಗದ್ದು ಒಂದೇ: ವೇದಿಕೆಯಲ್ಲಿ ನಿಂತಾಗ ಒಂದು, ಕುರ್ಚಿಯಲ್ಲಿ ಕೂತಾಗ ಇನ್ನೊಂದು ನಿಮ್ಮ ಬಾಯಿಂದ ಹೇಗೆ ಬರುತ್ತದೆ? ನಿಮ್ಮ ಸ್ವಂತ ಮಗಳು ಡಿಗ್ರಿ ನಡುವೆ ಬಿಟ್ಟು ಬರುತ್ತೇನೆಂದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಿರಾ? ತಟ್ಟುತ್ತಿರಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ತಟ್ಟುತ್ತಿರಲಿಲ್ಲ. ಕಂಡಕ್ಟರ ಮಗಳ ವಿಷಯದಲ್ಲಿ ನಮ್ಮಿಬ್ಬರಿಗೂ ಧೈರ್ಯ ಬಹಳ ಸುಲಭವಾಗಿ ಬಂತು.

ಹೋದ ತಿಂಗಳು ಮಾಸ್ತಪ್ಪನವರ ಬಸ್ಸಿನಲ್ಲೇ ತೀರ್ಥಹಳ್ಳಿಗೆ ಹೋಗಬೇಕಾಯಿತು. ಬೈಯಲಿ ಎಂದು ಕಾದೆ. ಅವರು ಎದುರಿನ ಸೀಟಿನವರನ್ನು ಸರಿಸಿ ನನ್ನನ್ನು ಕೂರಿಸಿದರು. ಜನ ಇಳಿದು ಬಸ್ಸು ಹಗುರವಾದ ಮೇಲೆ ಹತ್ತಿರ ಬಂದು ಬಗ್ಗಿದರು.

“ಮೇಡಂ, ಚಿಕ್ಕವಳು ಸುಮನಾದು ಪಿಯುಸಿ ಮುಗೀತು. ಅವ್ಳೂ ಕಂಪ್ಯೂಟ್ರೇ ಅಂತಾಳೆ. ಎಂತಕ್ಕೆ ಹಾಕ್ಲಿ? ನೀವು ಹೇಳಿದಂಗೆ.”

ಈಗಲೂ ಆ ಮನುಷ್ಯನಿಗೆ ನನ್ನ ಮಾತೇ ಬೇಕು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಇಳಿಯುವಾಗ, ಈ ಸಲ ವಿಚಾರಿಸಿ ಹೇಳುತ್ತೇನೆ ಎಂದೆ.

ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮ ಪ್ರಮಾಣಪತ್ರಕ್ಕೆ ನಿಮ್ಮದೇ ಇಲಾಖೆಯ ಯಾವ ಯಾವ ಹುದ್ದೆ ತೆರೆದಿದೆ ಎಂಬುದನ್ನು ಬರೆದು ಪ್ರಕಟಿಸಿ. ಯಾವುದೂ ಇಲ್ಲದಿದ್ದರೆ ‘ಯಾವುದೂ ಇಲ್ಲ’ ಎಂದೇ ಬರೆಯಿರಿ, ಮಕ್ಕಳು ತಿಳಿದು ಸೇರಲಿ. ಆ ಎಂಟು ತಿಂಗಳ ಕಲಿಕೆ ಪದವಿಯ ಲೆಕ್ಕಕ್ಕೆ ಸೇರುವಂತೆ ವಿಶ್ವವಿದ್ಯಾಲಯಕ್ಕೆ ಬರೆಯಿರಿ, ನಿಮ್ಮ ಸಹಿಗೆ ಅಲ್ಲಾದರೂ ಬೆಲೆ ಬರಲಿ. ಅಲ್ಲಿಯವರೆಗೆ ದಯವಿಟ್ಟು ಯಾವ ಸಭೆಯಲ್ಲೂ ಡಿಗ್ರಿ ಬಿಡಿ ಎನ್ನಬೇಡಿ.

ಅಚ್ಚಿಗೆ ಕೊಡುವ ಮೊದಲು ಈ ಪತ್ರವನ್ನು ವಿನಯಾಗೆ ಓದಿ ಹೇಳಿದೆ. ತನ್ನ ಹೆಸರು ಇರಲಿ ಎಂದಳು. ಆಮೇಲೆ, “ಆ ಕೋರ್ಸೇ ತಪ್ಪು ಅನ್ನೋ ಹಂಗೆ ಬರೀಬೇಡಿ ಮೇಡಂ. ಆ ಎಂಟು ತಿಂಗಳು ನಾನು ಭಾಳ ಖುಷಿಯಾಗಿದ್ದೆ” ಅಂದಳು.

ಇಂತಿ, ನಿಮ್ಮ ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು,
ಕುಮುದಾ
ಅತಿಥಿ ಉಪನ್ಯಾಸಕಿ, ಹೊಸನಗರ