ಬೆಂಕಿಪೊಟ್ಟಣದಲ್ಲಿ ಮೂರು ಹಲ್ಲು

ದಿಂಡಿಗಲ್
18-6-1965, ಶುಕ್ರವಾರ

ಅವ್ವನಿಗೆ ವಳ್ಳಿ ಮಾಡುವ ನಮಸ್ಕಾರ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅತ್ತೆಯ, ಅದೇ ನಿನ್ನ ನಾದಿನಿಯ, ಮೊಣಕಾಲಿನ ನೋವು ಕಡಿಮೆಯಾಗಿದೆ, ಮಾತು ಮಾತ್ರ ಕಡಿಮೆಯಾಗಿಲ್ಲ. ನೀನು, ಅಪ್ಪ, ತಮ್ಮ ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ.

ಈ ಕಾಗದವನ್ನು ಮೊದಲು ತಮ್ಮ ಜೆಯರಾಜ್ ತಲೆಕೆಳಗು ಮಾಡಿ ನೋಡಿರುತ್ತಾನೆ. ಆಮೇಲೆ "ಅಕ್ಕ ಏನೋ ಜಿಲೇಬಿ ಸುತ್ತಿ ಕಳಿಸಿದ್ದಾಳೆ" ಅಂತ ನಿನ್ನ ಕೈಗೆ ಕೊಟ್ಟಿರುತ್ತಾನೆ. ಮೂರು ವಾರ ಬರೆಯದೆ ಇದ್ದದ್ದು ತಪ್ಪು. ತಮಿಳಿನಲ್ಲಿ ಎರಡು ಸಲ ಬರೆದು ಎರಡು ಸಲವೂ ಹರಿದೆ. ಕೊನೆಗೆ ನಮ್ಮ ಕನ್ನಡ ಅಕ್ಷರದಲ್ಲೇ ಬರೆಯೋಣ ಅನ್ನಿಸಿತು. ತಾತ ಎತ್ತು ಕೊಳ್ಳೋದಕ್ಕೆ ಮೈಸೂರು ಸೀಮೆಗೆ ನಡೆದು ಹೋಗಿಬರುತ್ತಿದ್ದಾಗ ಕಲಿತು ಬಂದು ನಿನಗೆ ಕಲಿಸಿದ ಅಕ್ಷರ, ನೀನು ನನ್ನ ಬೆರಳು ಹಿಡಿದು ಕಣದ ಮಣ್ಣಿನಲ್ಲಿ ತಿದ್ದಿಸಿದ ಅಕ್ಷರ. ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ತಮಿಳು ಕಲಿತೆ. ಆದರೂ ನಿನ್ನ ಹತ್ತಿರ ಮಾತಾಡುವಾಗ ಇದೇ ಬರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ. ಬಿಡುವಾದಾಗ ನಿಧಾನವಾಗಿ ಓದು.

ಕಾಲುವೆಗೆ ನೀರು ಬಿಟ್ಟರಂತೆ, ನಮ್ಮ ಕೊಂಬೈಯಲ್ಲಿ ನಾಟಿಗೆ ಆಳು ಸಿಗುತ್ತಿಲ್ಲವಂತೆ. ಬಸ್ಸಿನಲ್ಲಿ ಬಂದವರು ಹೇಳಿದರು. ನಾನಿದ್ದಿದ್ದರೆ ಒಂದು ಸಾಲು ಹಿಡಿಯುತ್ತಿದ್ದೆ. ನನ್ನ ಕೈ ಈಗ ಬೇರೆ ಸಾಲಿಗೆ ಒಗ್ಗಿದೆ. ಮೇಣದ ಮೇಲೆ ಹದಿನಾಲ್ಕು ಹಲ್ಲು ನಾಟಿ ಮಾಡುತ್ತೇನೆ, ಏಳು ಈ ಕಡೆ, ಏಳು ಆ ಕಡೆ.

ನನ್ನ ಕೆಲಸ ಏನು ಅಂತ ನೀನು ಪ್ರತಿಸಲ ತಮ್ಮನ ಕೈಯಲ್ಲಿ ಬರೆಸಿ ಕೇಳುತ್ತೀಯ. ಜೆಯರಾಜ್ ಸರಿಯಾಗಿ ಓದಿ ಹೇಳುವುದಿಲ್ಲ ಅಂತ ಕಾಣುತ್ತದೆ. ಮುಂದಿನ ಕೋಣೆಯಲ್ಲಿ ಡಾಕ್ಟರು ಬಿಸಿ ಮೇಣವನ್ನು ಬಾಯಿಗೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದು ಹಿಂದಿನ ಪಟ್ಟರೆಗೆ, ನಾವು ಕೆಲಸ ಮಾಡುವ ಕೋಣೆಗೆ ಬರುತ್ತದೆ. ಅದರೊಳಗೆ ಪ್ಲಾಸ್ಟರ್ ಕಲಸಿ ಹೊಯ್ದರೆ ಆ ಮನುಷ್ಯನ ಬಾಯಿ ಹಾಗೇ ಕಲ್ಲಾಗಿ ಕೈಗೆ ಬರುತ್ತದೆ. ಅದರ ಮೇಲೆ ಮೇಣದ ವಸಡು ಕಟ್ಟಿ ಹಲ್ಲು ಕೂರಿಸುತ್ತೇವೆ. ಆಮೇಲೆ ಹಿತ್ತಾಳೆ ಡಬ್ಬಿಯಲ್ಲಿ ಮುಚ್ಚಿ ಕುದಿಸಿದರೆ ಮೇಣ ಕರಗಿ ಹೋಗುತ್ತದೆ. ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು, ಹಪ್ಪಳದ ಹಿಟ್ಟಿನ ಹದದಲ್ಲಿ, ತುಂಬಿ ಮತ್ತೆ ಕುದಿಸುತ್ತೇವೆ. ತಣ್ಣಗಾದ ಮೇಲೆ ಅರದಲ್ಲಿ ಉಜ್ಜಿ ಬಟ್ಟೆಯಲ್ಲಿ ತಿಕ್ಕಿ ಹೊಳಪು ಕೊಡಬೇಕು. ಹೊಸ ಮನುಷ್ಯರು ಬಂದರೆ ನನಗೆ ನಾಲಿಗೆ ಏಳುವುದಿಲ್ಲ ಎಂದು ನಿನಗೆ ಗೊತ್ತು. ಇಲ್ಲಿ ಸುತ್ತ ಐವತ್ತು ಬಾಯಿಗಳಿವೆ, ಒಂದೂ ತಿರುಗಿ ಮಾತಾಡುವುದಿಲ್ಲ. ನನಗೆ ಅದೇ ಹಿತ.

ರಾಮಸಾಮಿ ಮಾವ ಮೊದಲು ಬೀಗದ ಪಟ್ಟರೆಯಲ್ಲಿ ಇದ್ದವರಲ್ಲವೇ, ಈಗಲೂ ಅವರ ಕಣ್ಣು ಬೀಗದವನ ಕಣ್ಣೇ. ಪ್ಲಾಸ್ಟರಿನ ಬಾಯಿಯನ್ನು ಬೆಳಕಿಗೆ ಹಿಡಿದು, ಇವನು ದರ್ಜಿ, ಹಲ್ಲಿನಲ್ಲಿ ದಾರ ಕಡಿಯುತ್ತಾನೆ, ಇಲ್ಲಿ ನೋಡು ಗೀರು ಅನ್ನುತ್ತಾರೆ. ಹೊರಗೆ ಹೋಗಿ ಕೇಳಿದರೆ ನಿಜವಾಗಿ ದರ್ಜಿಯೇ. ಒಬ್ಬನಿಗೆ "ಚಿಕ್ಕಂದಿನಲ್ಲಿ ಮರದಿಂದ ಬಿದ್ದೆಯಾ?" ಅಂದರು. ಅವನು ಹೆದರಿ ಮಾವನಿಗೆ ಕೈ ಮುಗಿದ.

ಕಳೆದ ತಿಂಗಳು ನಾನೊಂದು ತಪ್ಪು ಮಾಡಿದೆ, ಹೇಳುತ್ತೇನೆ ಕೇಳು. ಗೂಡಲೂರಿನಿಂದ ಅಳಗಮ್ಮಾಳ್ ಅಂತ ಒಬ್ಬಳು ಮುದುಕಿ, ಎಲ್ಲರೂ ಪಾಟಿ ಅನ್ನುವವಳು, ಬಂದಿದ್ದಳು. ಕುಮಿಳಿ ಘಟ್ಟದ ಬುಡದಲ್ಲಿ ವೀಳ್ಯದೆಲೆ ಅಂಗಡಿ ಇಟ್ಟವಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಅವಳ ಸೆಟ್ಟಿನ ಮೇಣದ ಕೆಲಸ ಮಾವ ನನಗೆ ಕೊಟ್ಟರು. ನೋಡಿದರೆ ಅವಳ ಕಡಿತ, ಮೇಲಿನ ಕೆಳಗಿನ ದವಡೆ ಕೂಡುವ ರೀತಿ, ಎಡಕ್ಕೆ ವಾಲಿದೆ. ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವಾಗ ನಾನೇ ಕೈ ಅಲುಗಿಸಿದೆನೇನೋ ಎಂದು ಹೆದರಿ, ಯಾರಿಗೂ ಹೇಳದೆ ಕೆರೆದು ಕೆರೆದು ನೆಟ್ಟಗೆ ಮಾಡಿಬಿಟ್ಟೆ. ಬಿಳೀ ಹಲ್ಲು, ಗೆರೆ ಎಳೆದ ಹಾಗೆ. ನನಗೇ ಹೆಮ್ಮೆಯಾಯಿತು.

ಪಾಟಿ ಬಂದು ಹಾಕಿಕೊಂಡಳು. ಒಂದು ಕಡೆ ಮಾತ್ರ ತಾಗುತ್ತದೆ, ಇನ್ನೊಂದು ಕಡೆ ಟಕಟಕ ಅನ್ನುತ್ತದೆ. ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು.

"ಇದು ಯಾವಳ ಬಾಯಿ?"

"ನಿಮ್ಮದೇ ಪಾಟಿ," ಅಂದೆ.

"ನನ್ನದಲ್ಲ ಬಿಡು. ಇದನ್ನ ಹಾಕ್ಕೊಂಡು ಸತ್ತರೆ ಎಮನಿಗೆ ಗುರುತು ಸಿಗಲ್ಲ. ಯಾರೋ ಟೀಚರಮ್ಮ ಅಂತ ವಾಪಸ್ ಕಳಿಸ್ತಾನೆ."

"ಕಳಿಸಿದರೆ ಒಳ್ಳೇದೇ ಅಲ್ವಾ?" ಅಂತ ಅತ್ತೆ ಒಳಗಿನಿಂದ ಕೇಳಿದಳು.

"ವಾಪಸ್ ಬಂದು ಮತ್ತೆ ನಿನ್ನ ಗಂಡನ ಹತ್ರ ಹಲ್ಲು ಕಟ್ಟಿಸ್ಕೊಬೇಕಾ?"

ಮಾವ ನನ್ನನ್ನು ಬೈಯಲಿಲ್ಲ. ಪಾಟಿಯ ಕೈಗೆ ಒಂದು ಎಲೆ ಅಡಿಕೆ ಕೊಟ್ಟು, "ವಳ್ಳಿ, ನೋಡು" ಎಂದು ನನ್ನನ್ನು ಎದುರಿಗೆ ಕೂರಿಸಿದರು. ಪಾಟಿ ಎಲೆ ಮಡಚಿ ಎಡಗೆನ್ನೆಗೆ ತಳ್ಳಿದಳು. ನಲವತ್ತು ವರ್ಷ ಅದೇ ಕೆನ್ನೆ. ದವಡೆ ಅಲ್ಲಿಗೇ ವಾಲಿಕೊಂಡಿದೆ. "ಬಾಯಿ ಹೇಗಿದೆಯೋ ಹಾಗೆ ಅಳತೆ ತಗೋ. ಹೇಗಿರಬೇಕಿತ್ತು ಅಂತ ಯೋಚನೆ ಮಾಡೋದು ನಮ್ಮ ಕೆಲಸ ಅಲ್ಲ," ಅಂದರು. ಮತ್ತೆ ಮೊದಲಿನಿಂದ ಮಾಡಿದೆ, ವಾಲಿಸಿಯೇ. ಪಾಟಿ ಈ ಸಲ ಹಾಕಿಕೊಂಡು ಕನ್ನಡಿ ಕೂಡ ಕೇಳಲಿಲ್ಲ. ನೇರ ಎಲೆ ತೆಗೆದು ಎಡಗೆನ್ನೆಗೆ ಇಟ್ಟುಕೊಂಡು, "ಆ, ಬಂದೆ" ಅಂದಳು. ತನ್ನ ಮನೆಗೆ ತಾನೇ ಬಂದವಳ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಸೇರಿ ಈ ಆನಿ ತಿಂಗಳಿಗೆ ಮೂರು ವರ್ಷವಾಯಿತು. ಮಾವ ಕಲಿತ ಬೀಗದ ಪಟ್ಟರೆಯಲ್ಲಿ ಒಂದು ಪದ್ಧತಿ ಇತ್ತಂತೆ. ಹೊಸಬ ಒಂಟಿಯಾಗಿ ಮಾಡಿದ ಮೊದಲ ಬೀಗವನ್ನು ಅವನ ಮನೆ ಬಾಗಿಲಿಗೇ ಹಾಕಬೇಕು. ಸಿಕ್ಕಿಹಾಕಿಕೊಂಡರೆ ಅವನ ಹೆಂಡತಿ ಮಕ್ಕಳೇ ಹೊರಗೆ ನಿಲ್ಲಬೇಕು. ಮಾವ ಅದನ್ನೇ ಹಲ್ಲಿಗೂ ತಂದಿದ್ದಾರೆ. ಒಂಟಿಯಾಗಿ ಮಾಡುವ ಮೊದಲ ಸೆಟ್ಟು ನಮ್ಮ ಮನೆಯವರ ಬಾಯಿಗೇ ಹೋಗಬೇಕು. ಅವರು ಪಟ್ಟರೆಯಲ್ಲಿ ಕುಳಿತು ಮಾವನ ಎದುರಿಗೆ ಒಂದು ಮುರುಕ್ಕು ಕಡಿದು ತಿನ್ನಬೇಕು. ಹಾಗೆ ಮಾಡಿ ತೋರಿಸಿದವರಿಗೆ ಮಾವ ತಮ್ಮ ಒಂದು ಅರವನ್ನು ಕೊಡುತ್ತಾರೆ. ಅದು ಕೈಗೆ ಬಂದರೆ ಕೆಲಸಗಾರ ಅಂತ ಲೆಕ್ಕ. ನನಗಿಂತ ಮುಂಚೆ ಕಲಿತ ವೇಲುಸಾಮಿ ತನ್ನ ಅಜ್ಜನನ್ನು ಕರೆತಂದಿದ್ದ. ಅಜ್ಜ ಮುರುಕ್ಕು ತಿಂದು ಇನ್ನೊಂದು ಕೇಳಿದನಂತೆ.

ನಮ್ಮಲ್ಲಿ ಯಾರ ಬಾಯಿ ಇದೆ ಹೇಳು. ಅಪ್ಪನ ಹಲ್ಲು ಕಬ್ಬು ಸಿಗಿಯುತ್ತದೆ. ಅತ್ತೆ, "ಏ ಪುಳ್ಳೆ, ನನ್ನ ಬಾಯಿ ಕಡೆ ಕಣ್ಣು ಹಾಕ್ಬೇಡ, ಇನ್ನೂ ಇಪ್ಪತ್ತು ವರ್ಷ ಬೈಯೋದಿದೆ" ಅಂತ ಸೆರಗು ಮುಚ್ಚಿಕೊಂಡಳು. ಉಳಿದವಳು ನೀನು.

ಹಲ್ಲು ಆಗಲೇ ಆರಿಸಿಬಿಟ್ಟಿದ್ದೇನೆ. ಮೇಲಿನ ಸಾಲಿಗೆ ಮೂರು. ನನಗೆ ನಿನ್ನದೇ ಬಾಯಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ ಕನ್ನಡಿ ಮುಂದೆ ನಿಂತು ನನ್ನ ಹಲ್ಲಿನ ಪಕ್ಕ ಒಂದೊಂದೇ ಹಿಡಿದು ಬಣ್ಣ ನೋಡಿದೆ. ತುಂಬ ಬಿಳಿ ಬೇಡ ಅಂತ ಎರಡು ಸಲ ಬದಲಿಸಿದೆ. ಹತ್ತಿ ಹಾಕಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಒಂದು ದಿನ ಅತ್ತೆ ಒಲೆ ಹಚ್ಚಲು ಅದನ್ನೇ ತೆಗೆದು ಕಿರುಚಿದಳು. ಅವತ್ತಿನಿಂದ ಪೊಟ್ಟಣ ನನ್ನ ಪೆಟ್ಟಿಗೆಯಲ್ಲಿದೆ.

ನೀನು ಜೆಯರಾಜ್ ಕೈಯಲ್ಲಿ "ನನಗೆ ಇನ್ನು ಹಲ್ಲು ಯಾಕೆ, ಮಗಳ ಮದುವೆ ನೋಡೋ ಹೊತ್ತಲ್ಲಿ" ಅಂತ ಬರೆಸಿದ್ದೆ. ಅವ್ವ, ನಿನಗೆ ಮೂವತ್ತೆಂಟು ವರ್ಷ. ಅಳಗಮ್ಮಾಳ್ ಪಾಟಿಗೆ ಎಪ್ಪತ್ತು. ಗಂಡಸಾದ ಡಾಕ್ಟರ ಮುಂದೆ ಬಾಯಿ ತೆರೆಯೋದಕ್ಕೆ ನಾಚಿಕೆ ಅಂದರೆ, ಅಚ್ಚು ತೆಗೆಯುವಾಗ ನಾನು ಪಕ್ಕದಲ್ಲೇ ನೀರಿನ ಬಟ್ಟಲು ಹಿಡಿದು ನಿಂತಿರುತ್ತೇನೆ. ಹೆಂಗಸರು ಬಂದಾಗ ಅದು ನನ್ನ ಕೆಲಸವೇ. ನೂರು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಸಣ್ಣ ಗುಲಾಬಿ ಬಣ್ಣದ ಬಿಲ್ಲೆ, ಎರಡು ತಂತಿಯ ಕೊಕ್ಕೆ, ಅಷ್ಟೇ. ರಾತ್ರಿ ತೆಗೆದು ನೀರಿನಲ್ಲಿ ಇಡಬಹುದು.

ಹೋದ ಮಂಗಳವಾರ ಊಟ ಮಾಡುವಾಗ ಮಾವ ಕೇಳಿದರು, "ವಳ್ಳಿ, ನಿಮ್ಮಮ್ಮನ ಹಲ್ಲು ಹೋದದ್ದು ಹಸುವಿಂದ ಅಲ್ವಾ? ಕೊಂಬೋ, ಗೊರಸೋ?"

"ಕೊಂಬು," ಅಂದುಬಿಟ್ಟೆ ನಾನು, ಗಾಬರಿಯಲ್ಲಿ.

"ಗೊರಸು," ಅಂದಳು ಅತ್ತೆ. "ಆ ಕೆಂಪಿ ಹಸು. ಹಾಲು ಕರೆಯುವಾಗ ಒದ್ದದ್ದು ಅಂತ ಅತ್ತಿಗೆನೇ ಹೇಳಿದ್ದಳು. ಮನುಷ್ಯರ ಮೇಲೆ ಕಾಲು ಎತ್ತಿದ ಹಸು ಮನೆಯಲ್ಲಿ ಇರಬಾರದು, ಮಾರಲೂಬಾರದು ಅಂತ ಅಣ್ಣ ಅದನ್ನ ಕಂಬಂ ಊರಿಗೆ ಹೊಡಕೊಂಡು ಹೋಗಿ ದೇವರ ಮಂದೆಗೆ ಬಿಟ್ಟು ಬಂದ."

ಮಾವ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಜ್ಜಿಗೆ ಹೊಯ್ದುಕೊಳ್ಳುತ್ತ, "ಸರಿ, ಬರಲಿ. ಅಚ್ಚು ತೆಗೆದರೆ ಬಾಯೇ ಹೇಳುತ್ತೆ" ಅಂದರು. ಅವರು ಸುಮ್ಮನೆ ಹೇಳಿದ್ದು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಮುಂದಿನ ತಿಂಗಳು ಆಡಿ ಹುಟ್ಟಿದರೆ ಮಾವ ಹೊಸ ಕೆಲಸ ಹಿಡಿಯುವುದಿಲ್ಲ. ಹಾಗಾಗಿ ನಾಟಿ ಮುಗಿದ ಕೂಡಲೇ, ಈ ಆನಿ ಕಳೆಯುವುದರೊಳಗೆ ನೀನು ಬರಬೇಕು. ಬೆಳಗಿನ ಬಸ್ಸಿಗೆ ತೇನಿಗೆ ಬಂದು, ಅಲ್ಲಿ ಇಳಿದು ಬತ್ತಲಗುಂಡಿನ ಮೇಲಿಂದ ದಿಂಡಿಗಲ್ಲಿಗೆ ಹೋಗುವ ಬಸ್ ಹತ್ತು. ಬತ್ತಲಗುಂಡಿನಲ್ಲಿ ಕೊಡೈಕಾನಲ್ ಬಸ್ಸಿನವರು ಕೂಗುತ್ತಾರೆ, ಅದನ್ನು ಹತ್ತಿಬಿಡಬೇಡ. ಜೆಯರಾಜ್ ಜೊತೆಗೆ ಬರುತ್ತೇನೆ ಅಂದರೂ ಬೇಡ ಅನ್ನು, ನೀನೊಬ್ಬಳೇ ಬಾ. ಬಸ್ ನಿಲ್ದಾಣಕ್ಕೆ ನಾನು ಬಂದಿರುತ್ತೇನೆ. ನಾಲ್ಕು ದಿನ ಇದ್ದರೆ ಸಾಕು. ಅತ್ತೆ ಮುರುಕ್ಕಿಗೆ ಅಕ್ಕಿ ನೆನೆಸಲು ದಿನ ಕೇಳುತ್ತಿದ್ದಾಳೆ. ಗಟ್ಟಿಯಾಗಿ ಮಾಡುತ್ತಾಳಂತೆ, ನನ್ನ ಕೆಲಸಕ್ಕೆ ಪರೀಕ್ಷೆ ಅಂತೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಹಲ್ಲಿನ ಕೆಲಸ ಹೆಣ್ಣುಮಗುವಿಗೆ ಯಾಕೆ ಅಂತ ಈಗಲೂ ಕೇಳುತ್ತಾರಾ? ಅರ ಕೈಗೆ ಬಂದ ದಿನ ಅವರಿಗೆ ತೋರಿಸುತ್ತೇನೆ. ತಮ್ಮನಿಗೆ ನನ್ನ ಪ್ರೀತಿ, ಜಿಲೇಬಿ ಅಂದದ್ದಕ್ಕೆ ಒಂದು ಗುದ್ದು. ನೀನು ನನ್ನ ತಲೆ ಮೇಲೆ ಕೈ ಇಟ್ಟು ಹರಸಿದ ಹಾಗೆ ಅಂದುಕೊಂಡು ನಾಳೆ ಕೆಲಸಕ್ಕೆ ಕೂರುತ್ತೇನೆ.

ನಿನ್ನ ಮಗಳು,
ವಳ್ಳಿ

ಮತ್ತೆ: ಅವ್ವ, ಎರಡು ಸಲ ಹರಿದದ್ದು ಇದನ್ನೇ. ತಮಿಳಿನಲ್ಲಿ ಬರೆದಿದ್ದರೆ ಜೆಯರಾಜ್ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿಬಿಡುತ್ತಿದ್ದ.

ನನಗೆ ಆಗ ಏಳು ವರ್ಷ, ಆದರೆ ಮರೆತಿಲ್ಲ. ಜೋಳ ಹಾಲು ಕಟ್ಟಿತ್ತು. ಕವಣೆ ಮುಟ್ಟಬೇಡ ಅಂತ ಅಪ್ಪ ಹೇಳಿದ್ದರೂ ಮುಟ್ಟಿದೆ. ಅಟ್ಟಣೆ ಮೇಲೆ ನಿಂತು ಗಿಳಿಗೆ ಅಂತ ಕಲ್ಲು ಬೀಸಿದೆ. ನೀನು ಗಂಜಿ ಹೊತ್ತು ಜೋಳದೊಳಗಿನಿಂದ ಬರುತ್ತಿದ್ದೆ. ರಕ್ತದ ಕೈಯಲ್ಲೇ ನನ್ನ ಬಾಯಿ ಮುಚ್ಚಿ, ಮನೆಗೆ ಓಡು, ಕಾಲು ತೊಳಕೋ, ನೀನು ಹೊಲಕ್ಕೇ ಬಂದಿಲ್ಲ, ಹಸು ಒದ್ದದ್ದು ಅಂದೆ. ಹೆತ್ತವಳ ಹಲ್ಲು ಉದುರಿಸಿದವಳು ಅಂತ ಊರು ನನಗೆ ಹೆಸರಿಡುತ್ತದೆ ಎಂದು ನೀನು ಹೆದರಿದ್ದು ಈಗ ತಿಳಿಯುತ್ತದೆ. ಆಮೇಲೆ ಒಂದು ದಿನವೂ ನೀನು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಕೆಂಪಿಯನ್ನು ಹಗ್ಗ ಹಿಡಿದು ಕರೆದುಕೊಂಡು ಹೋಗುವಾಗ ನಾನು ಬಾಗಿಲ ಹಿಂದೆ ಇದ್ದೆ. ಅದು ಏನೂ ಗೊತ್ತಿಲ್ಲದೆ ಮೆಲುಕು ಹಾಕುತ್ತ ಹೋಯಿತು. ಹನ್ನೆರಡು ವರ್ಷ ನೀನು ಸೆರಗಿನ ಹಿಂದೆ ನಕ್ಕಿದ್ದೀಯ. ಈ ಕೆಲಸಕ್ಕೆ ಹೋಗುತ್ತೇನೆ ಅಂತ ನಾನು ಯಾಕೆ ಹಠ ಹಿಡಿದೆ ಎಂದು ನೀನು ಕೇಳಲಿಲ್ಲ. ನಿನಗೆ ಗೊತ್ತಿತ್ತೇನೋ.

ಪ್ಲಾಸ್ಟರ್ ಕೈಗೆ ಬಂದರೆ ಮಾವನಿಗೆ ತಿಳಿಯುತ್ತದೆ, ಅದು ಗೊರಸಿನ ಪೆಟ್ಟಲ್ಲ ಅಂತ. ನೀನು ಬರಲು ಒಪ್ಪದೆ ಇರುವುದು ಅದಕ್ಕೇ ಎಂದು ನನಗೆ ಅನ್ನಿಸುತ್ತದೆ. ತಿಳಿಯಲಿ ಬಿಡು. ಅವರು ಕೇಳಿದರೆ ಹಸು ಅಂತ ಹೇಳಬೇಡ. ನಾನು ಹೇಳುತ್ತೇನೆ. ನೀನು ಬಾಯಿ ತೆರೆದರೆ ಸಾಕು.